ಗದ್ದೆಯನ್ನು ಕೇಳಿ ತಂದ ಕದಿರು

ಐವತ್ತರ ಹತ್ತಿರ ಬಂದ ಗಂಡಸರಿಗೆ ಏನಾದರೊಂದು ಚಟ ಅಂಟಿಕೊಳ್ಳುತ್ತದೆ. ಕೆಲವರು ಬೆಳಿಗ್ಗೆ ಎದ್ದು ಓಡುತ್ತಾರೆ. ಕೆಲವರು ಮೊಬೈಲಿನಲ್ಲಿ ರಾಜಕೀಯ ನೋಡಿ ಹೆಂಡತಿಯ ಮೇಲೆ ಕೂಗುತ್ತಾರೆ. ನನ್ನ ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಕೊಳಲು ಕಲಿಯಲು ಹೊರಟು, ಅಕ್ಕಪಕ್ಕದ ಮನೆಯವರೆಲ್ಲ ಸಂಜೆ ಹೊತ್ತು ದೇವಸ್ಥಾನಕ್ಕೆ ಹೋಗುವಂತೆ ಮಾಡಿದ್ದಾನೆ. ನನ್ನ ಚಟ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯದು. ನಾನು ಮಕ್ಕಳ ಚಿತ್ರಪುಸ್ತಕ ಓದುತ್ತೇನೆ. ಪುಟಕ್ಕೆ ಎರಡು ಸಾಲು ಅಕ್ಷರ, ಉಳಿದದ್ದೆಲ್ಲ ಬಣ್ಣ ಇರುತ್ತದಲ್ಲ, ಅದೇ. ಅದರಲ್ಲೂ ಮರ ಕಡಿಯಬೇಡಿ, ನೀರು ಚೆಲ್ಲಬೇಡಿ, ಕಪ್ಪೆಗೆ ಕಲ್ಲು ಹೊಡೆಯಬೇಡಿ ಎಂದು ಹೇಳುವ ಪುಸ್ತಕಗಳೆಂದರೆ ನನಗೆ ಪ್ರಾಣ. ನಾನು ಮರ ಕಡಿಯುವವನೂ ಅಲ್ಲ, ಕಪ್ಪೆಗೆ ಕಲ್ಲು ಹೊಡೆದರೆ ನನ್ನ ಗುರಿ ತಾಗುವುದೂ ಇಲ್ಲ. ಆದರೂ ಆ ಪುಸ್ತಕ ತೆರೆದರೆ ನನಗೇ ಯಾರೋ ಕಿವಿ ಹಿಂಡಿ ಬುದ್ಧಿ ಹೇಳಿದ ಹಾಗೆ ಹಿತವಾಗುತ್ತದೆ.

ಕುಂದಾಪುರದ ಪೇಟೆಯಲ್ಲಿ ನನ್ನದೊಂದು ಚಿಕ್ಕ ಪುಸ್ತಕದ ಅಂಗಡಿ ಇದೆ. ಹೆಸರಿಗೆ ಪುಸ್ತಕದ ಅಂಗಡಿ, ಹೊಟ್ಟೆ ತುಂಬಿಸುವುದು ಜೆರಾಕ್ಸ್ ಮಿಷನ್ನು. ಒಮ್ಮೆ ನೋಟ್‌ಬುಕ್ಕಿನ ಬಂಡಲಿನ ಜೊತೆಗೆ ಇಂಥ ಚಿತ್ರಪುಸ್ತಕಗಳ ಒಂದು ಪೆಟ್ಟಿಗೆಯೂ ಬಂತು. ನಾನು ಖುಷಿಯಿಂದ ಎದುರಿಗೇ ನೇತುಹಾಕಿದೆ. ಮಕ್ಕಳು ಓಡಿ ಬಂದು ನೋಡಿದವು. ಹಿಂದಿನಿಂದ ಅಮ್ಮಂದಿರು ಬಂದು ಪುಟ ತಿರುವಿ, "ಇದ್ರಗೆ ಮಗ್ಗಿ ಇತ್ತಾ?" ಎಂದು ಕೇಳಿದರು. ಮಗ್ಗಿ ಇಲ್ಲ, ಮರ ಇದೆ ಎಂದೆ. "ಮರ ಕಂಡ್ರೆ ಮಾರ್ಕ್ ಸಿಕ್ಕತ್ತಾ ಮಾರಾಯ್ರೆ?" ಎಂದು ಒಬ್ಬರು ನಕ್ಕು, ಅಳುವ ಮಗುವನ್ನು ಎಳೆದುಕೊಂಡು ಹೋದರು. ಹೀಗೆ ಮಾರಾಟವಾಗದೆ ಉಳಿದ ಪುಸ್ತಕಗಳು ಒಂದೊಂದಾಗಿ ಗುಲ್ವಾಡಿಯ ನಮ್ಮ ಮನೆಗೆ ಬಂದವು. ನನ್ನ ಹೆಂಡತಿ ಜಲಜ ಅವುಗಳ ಧೂಳು ಒರೆಸುತ್ತ, "ಹ್ವಾಯ್, ನಿಮ್ಗ್ ಅಂಗ್ಡಿ ನಡ್ಸುಕೆ ಕೊಟ್ಟದ್ದಾ, ಅಂಗನವಾಡಿ ನಡ್ಸುಕಾ?" ಎಂದು ಕೇಳಿದಳು. ಕೇಳಿದವಳೇ ಒರೆಸಿದ ಪುಸ್ತಕವನ್ನೇ ಮತ್ತೆ ಒರೆಸತೊಡಗಿದಳು. ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಆ ಪುಸ್ತಕಗಳನ್ನು ಓದಿ ಹೇಳಲು ಒಂದು ಮಗುವನ್ನು ಅಷ್ಟು ದೂರ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ದೂರ ಎಂದರೆ ಮುಂಬೈ. ಅಲ್ಲಿ ನನ್ನ ತಂಗಿ ಪ್ರೇಮಾ ಇದ್ದಾಳೆ. ಭಾವನದು ಹೋಟೆಲು. ಅವರ ಮಗಳು ಸಾನ್ವಿಗೆ ಆರು ವರ್ಷ. "ಅಣ್ಣ, ಈ ಹೆಣ್ಣಿನ ಬಾಯಂಗೆ ಬರೀ ಹಿಂದಿ. ನೀನಾರೂ ದಿನಾ ಚೂರ್ ಕನ್ನಡ ಮಾತಾಡ್" ಎಂದು ಪ್ರೇಮಾ ಫೋನಿನಲ್ಲಿ ಹೇಳಿದ್ದೇ ನೆಪ, ನಾನು ಸಂಜೆ ಅಂಗಡಿ ಮುಚ್ಚಿ ಬಂದು ವಿಡಿಯೋ ಕಾಲಿನಲ್ಲಿ ಚಿತ್ರಪುಸ್ತಕ ಓದಲು ಶುರು ಮಾಡಿದೆ. ಪುಸ್ತಕವನ್ನು ಮೊಬೈಲಿನ ಮುಂದೆ ಹಿಡಿದು, ನಾನು ಹಿಂದಿನಿಂದ ಕತ್ತು ವಾಲಿಸಿ ಓದಬೇಕು. ಹುಲಿಯೂ ನಾನೇ, ಆಲದ ಮರವೂ ನಾನೇ, ಕಸ ಎಸೆಯುವ ಕೆಟ್ಟ ಮನುಷ್ಯನೂ ನಾನೇ. ಕೆಟ್ಟ ಮನುಷ್ಯನ ದನಿ ನನಗೆ ಚೆನ್ನಾಗಿ ಒಪ್ಪುತ್ತದೆ ಎಂದು ಜಲಜ ಒಳಗಿನಿಂದ ಹೇಳುತ್ತಿದ್ದಳು. ಕರೆ ಮುಗಿದು ಪರದೆ ಕಪ್ಪಾದ ಕೂಡಲೇ ಮನೆ ಎಷ್ಟು ದೊಡ್ಡದಾಗುತ್ತಿತ್ತೆಂದರೆ, ಗಡಿಯಾರದ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ತೊಂದರೆ ಶುರುವಾದದ್ದು ಕಪ್ಪೆಯ ಪುಸ್ತಕದಿಂದ. ಗದ್ದೆಯ ಕಪ್ಪೆ ಹುಳ ತಿಂದು ಪೈರು ಕಾಯುವ ಕಥೆ ಅದು. ಓದಿ ಮುಗಿಸಿದೆ. ಅಷ್ಟರಲ್ಲಿ ನಮ್ಮ ಕಡೆಯ ಮಾತನ್ನು ಚೆನ್ನಾಗಿಯೇ ಕಲಿತಿದ್ದ ಸಾನ್ವಿ, "ಮಾವ, ಇದ್ ಚಿತ್ರದ್ ಕಪ್ಪಿ. ಅಸಲಿ ಕಪ್ಪಿ ತೋರ್ಸ್" ಎಂದಳು. ನ್ಯಾಯವಾದ ಬೇಡಿಕೆಯೇ. ಅವಳು ಇರುವುದು ಹನ್ನೊಂದನೇ ಮಹಡಿಯಲ್ಲಿ, ಅಲ್ಲಿಯವರೆಗೆ ಹಾರುವ ಕಪ್ಪೆ ಇನ್ನೂ ಹುಟ್ಟಿಲ್ಲ. ಮರುದಿನ ನಾನು ಅಂಗಡಿಯಿಂದ ಬೇಗ ಬಂದು, ಹೆಲ್ಮೆಟ್ಟನ್ನೂ ತೆಗೆಯದೆ, ನಮ್ಮ ಮನೆಯಿಂದ ಸ್ವಲ್ಪ ಆಚೆಗಿರುವ ಗದ್ದೆಯ ಅಂಚಿನಲ್ಲಿ ಮೊಬೈಲು ಹಿಡಿದು ಬಗ್ಗಿ ಬಗ್ಗಿ ನಡೆಯತೊಡಗಿದೆ. ಹಿಂದಿನಿಂದ ಒಂದು ದನಿ ಬಂತು. "ಹ್ವಾಯ್, ಯಾರದ್? ಜಾಗ ಕಾಂಬುಕೆ ಬಂದದ್ದಾ? ನಾವ್ ಕೊಡುದಿಲ್ಲ ಕಾಣಿ." ಗದ್ದೆಯ ಯಜಮಾನಿ ಗುಲಾಬಿ ಅಕ್ಕ. ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ ಬೇರೆ. ನಮ್ಮ ಕಡೆ ಈಗ ಗದ್ದೆಯ ಬದಿಯಲ್ಲಿ ಮೊಬೈಲು ಹಿಡಿದು ನಿಂತವನೆಂದರೆ ಜಾಗದ ಬ್ರೋಕರನೇ ಸರಿ, ಬೇರೆ ಯಾರಿಗೂ ಅಲ್ಲಿ ಕೆಲಸವಿಲ್ಲ. ನಾನು ಹೆಲ್ಮೆಟ್ ತೆಗೆದು, "ಜಾಗ ಅಲ್ಲ ಅಕ್ಕ, ಕಪ್ಪಿ ಕಾಂಬುಕೆ ಬಂದದ್" ಎಂದೆ. "ಕಪ್ಪಿ ಕಂಡ್ ಎಂತ ಮಾಡ್ತ್ರಿ?" "ಬೊಂಬಾಯಿಗೆ ತೋರ್ಸುಕೆ." ಗುಲಾಬಿ ಅಕ್ಕ ನನ್ನನ್ನು ತುಂಬ ಹೊತ್ತು ನೋಡಿದರು. ಬ್ರೋಕರನಾಗಿದ್ದರೇ ವಾಸಿಯಿತ್ತು ಎಂಬ ನೋಟ ಅದು.

ಅಂದು ಕಪ್ಪೆ ಸಿಕ್ಕಿತು. ಸಾನ್ವಿ ಕುಣಿದಳು. ಆಮೇಲೆ ಕೊಕ್ಕರೆ, ಬಸವನಹುಳು, ಗೀಜಗನ ಗೂಡು ಹೀಗೆ ಪುಸ್ತಕದಲ್ಲಿ ಇದ್ದದ್ದಕ್ಕೆಲ್ಲ ಸಾಕ್ಷಿ ಬೇಕಾಯಿತು. ಹಿಮಕರಡಿಯ ಪುಸ್ತಕವೊಂದನ್ನು ನಾನೇ ಜಾಣತನದಿಂದ ಬಚ್ಚಿಟ್ಟೆ. ಮಳೆ ಬಿಟ್ಟ ಒಂದು ಸಂಜೆ ನಾನು ಮೊಬೈಲನ್ನು ಸುತ್ತ ತಿರುಗಿಸಿ ಹಸುರು ತೋರಿಸುತ್ತಿದ್ದಾಗ ಅವಳು ಕೇಳಿದಳು. "ಮಾವ, ಇದ್ ನಮ್ ಗದ್ದಿ ಅಲ್ದಾ?" ನಾನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಮತ್ತೆ ಮಳೆ ಬಂತು ಎಂದೆ, ಪುಣ್ಯಕ್ಕೆ ಅದು ನಿಜವಾಗಿತ್ತು. ಅವಳು ಒಳಗೆ ಓಡಿ, "ಮಮ್ಮಿ, ನಮ್ ಗದ್ದಿ ಕಂಡೆ" ಎಂದು ಕೂಗಿದ್ದು ಕೇಳಿಸಿತು. ಪ್ರೇಮಾ ಪರದೆಯಲ್ಲಿ ಒಂದು ಸಲ ಇಣುಕಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು, ನಮಗೆ ಗದ್ದೆ ಇಲ್ಲ ಎಂದು. ಗೊತ್ತಿದ್ದೂ ಮಗಳನ್ನು ತಿದ್ದಲಿಲ್ಲ.

ಒಂದು ಕಾಲಕ್ಕೆ ಇತ್ತು. ಪಾಲಾದಾಗ ಅದು ಚಿಕ್ಕಪ್ಪನಿಗೆ ಹೋಯಿತು, ಚಿಕ್ಕಪ್ಪನಿಂದ ಇನ್ನಾರಿಗೋ ಹೋಯಿತು, ಈಗ ಅಲ್ಲೊಂದು ಮದುವೆ ಹಾಲ್ ಇದೆ. ನಾನು ಅಲ್ಲಿ ಎಷ್ಟೋ ಮದುವೆ ಊಟ ಮಾಡಿದ್ದೇನೆ. ಅಪ್ಪ ಅಗೆ ಹಾಕುತ್ತಿದ್ದ, ಅಂದರೆ ನಾಟಿಗೆ ಸಸಿ ಎಬ್ಬಿಸುತ್ತಿದ್ದ ಮೂಲೆಯಲ್ಲಿ ಈಗ ಕೈ ತೊಳೆಯುವ ನಲ್ಲಿಗಳ ಸಾಲಿದೆ. ಪ್ರೇಮಾ ಮತ್ತು ನಾನು ಏಡಿ ಹಿಡಿಯುತ್ತಿದ್ದ ತೋಡಿನ ಬದಿಯಲ್ಲಿ ಐಸ್‌ಕ್ರೀಂ ಕೊಡುತ್ತಾರೆ. ಹಿಂದೆ ಊಟದ ಹೊತ್ತಿಗೆ ಗದ್ದೆಯಿಂದ ಎಬ್ಬಿಸಿ ಮನೆಗೆ ಕರೆಯುತ್ತಿದ್ದರು, ಈಗ ಗದ್ದೆಗೇ ಊಟಕ್ಕೆ ಕರೆಯುತ್ತಾರೆ. ಇದನ್ನು ಹೇಳಿ ಪಂಕ್ತಿಯಲ್ಲಿ ಪಕ್ಕದವರನ್ನು ನಗಿಸುತ್ತೇನೆ. ಮನೆಗೆ ಬಂದ ಮೇಲೆ ಹೊಟ್ಟೆ ತುಂಬಿದ್ದರೂ ಏನೋ ಖಾಲಿ ಅನಿಸುತ್ತದೆ. ಸತ್ಯ ಹೇಳಬೇಕೆಂದರೆ ಆ ಗದ್ದೆ ನನಗೆ ಬೇಕಿತ್ತು. ಬೇಸಾಯ ಮಾಡುವ ತಾಕತ್ತಿದೆ ಎಂದಲ್ಲ. ಒಂದು ಮಗುವಿಗೆ ಬೆರಳು ತೋರಿಸಿ, ಇದು ನಮ್ಮದು ಎನ್ನಲು.

ನವರಾತ್ರಿಯ ರಜೆಗೆ ಪ್ರೇಮಾ ಮಗಳನ್ನು ಕರೆದುಕೊಂಡು ಬಂದಳು. ಬಂದವಳೇ ಸಾನ್ವಿ ಕೇಳಿದ್ದು ಕಡುಬನ್ನಲ್ಲ, ಗದ್ದೆಯನ್ನು. ಎರಡು ದಿನ ಕಾಲು ನೋವು, ಅಂಗಡಿ, ಮಳೆ ಎಂದು ತಪ್ಪಿಸಿದೆ. ಆದರೆ ಮೂರನೆಯ ದಿನ ಹೊಸ್ತು. ಹೊಸ ಬತ್ತದ ಕದಿರನ್ನು ಬೆಳಗಾಗುವ ಮೊದಲು ಗದ್ದೆಯಿಂದ ಮನೆಗೆ ತಂದು, ಮಾವು ಹಲಸಿನ ಎಲೆಯೊಂದಿಗೆ ಕಂಬಕ್ಕೆ, ಬಾವಿಗೆ, ತೆಂಗಿನ ಮರಕ್ಕೆ ಕಟ್ಟುವ ಹಬ್ಬ. ಗದ್ದೆ ಇಲ್ಲದವರು ಏನು ಮಾಡಬೇಕು? ಅದಕ್ಕೂ ನಮ್ಮಲ್ಲಿ ದಾರಿಯಿದೆ. ಆ ಒಂದು ಬೆಳಿಗ್ಗೆ ಯಾರ ಗದ್ದೆಗೆ ಬೇಕಾದರೂ ಇಳಿದು ಒಂದು ಹಿಡಿ ಕದಿರು ತೆಗೆಯಬಹುದು. ಕೇಳುವ ಹಾಗಿಲ್ಲ, ಅವರು ಬೇಡ ಎನ್ನುವ ಹಾಗೂ ಇಲ್ಲ. ನಾನು ವರ್ಷಾ ವರ್ಷಾ ಗುಲಾಬಿ ಅಕ್ಕನ ಗದ್ದೆಯಿಂದ ಹೀಗೆಯೇ ಸದ್ದಿಲ್ಲದೆ ತರುತ್ತಿದ್ದೆ. ಈ ಸಲವೂ ಹರಿವಾಣ ಹಿಡಿದು ಮೆಲ್ಲಗೆ ಹೊರಟೆ. ಬಾಗಿಲಲ್ಲಿ ಸಾನ್ವಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಕೈಯಲ್ಲಿ ಟಾರ್ಚು.

ಗದ್ದೆಯ ಅಂಚಿಗೆ ಬಂದೆವು. ಕೆಳಗೆ ಹೊಳೆಯ ಕಡೆ ಮಂಜು, ಕದಿರಿನ ಮೇಲೆಲ್ಲ ನೀರು. ನಾನು ಕೈ ಚಾಚಿದೆ. ಸಾನ್ವಿ ತಡೆದಳು. "ಮಾವ, ಕೇಳದೆ ತಕಂಬುಕಾಗ." ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಯಾರನ್ನು ಕೇಳಬೇಕು ಎಂದೆ. "ಗದ್ದಿ ಹತ್ರ" ಎಂದಳು. ನಾನೇ ಓದಿ ಹೇಳಿದ ಪುಸ್ತಕವೊಂದರಲ್ಲಿ ಹುಡುಗಿಯೊಬ್ಬಳು ಮರವನ್ನು ಕೇಳಿಯೇ ಹಣ್ಣು ಕೀಳುತ್ತಾಳೆ. ಆ ಪುಟವನ್ನು ನಾನು ಬೇಕೆಂದೇ ಎರಡು ಸಲ ಓದಿದ್ದೆ. ಈಗ ಅದೇ ಪುಟ ನನ್ನ ಕೊರಳಿಗೇ ಸುತ್ತಿಕೊಂಡಿತು. ಮೆಲ್ಲಗೆ ಕೇಳು ಎಂದೆ. ಆದರೆ ಹೋಟೆಲಿನವರ ಮಗಳು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. "ಗದ್ದಿ, ಗದ್ದಿ, ನಾವ್ ಕದ್ರ್ ತಕಂಬ್ದಾ?" ಎಂದು ಹೊಳೆಯಾಚೆಗೂ ಕೇಳುವ ಹಾಗೆ ಕೂಗಿದಳು.

ಕತ್ತಲೆಯೊಳಗಿಂದ ಉತ್ತರ ಬಂತು. "ತಕೋ ಮಗಾ. ಬೇಕಾದಷ್ಟ್ ತಕೋ."

ಸಾನ್ವಿಗೆ ಆಶ್ಚರ್ಯವೇ ಆಗಲಿಲ್ಲ. ಪುಸ್ತಕದಲ್ಲಿ ಮರ ಉತ್ತರಿಸಿತ್ತು, ಇಲ್ಲಿ ಗದ್ದೆ ಉತ್ತರಿಸಿತು, ಅಷ್ಟೇ. ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದದ್ದು ನಾನು. ಆಚೆ ಅಂಚಿನಿಂದ ಗುಲಾಬಿ ಅಕ್ಕ ಎದ್ದು ಬಂದರು. ತಮ್ಮ ಗದ್ದೆಯ ಕದಿರು ತಾವು ತೆಗೆಯಲು ಬಂದಿದ್ದರು. ಸಾನ್ವಿ ಅವರ ಮುಖಕ್ಕೆ ಟಾರ್ಚು ಬಿಟ್ಟು, "ಇದ್ ನಮ್ ಗದ್ದಿ. ನೀವ್ ಯಾರ್?" ಎಂದು ಕೇಳಿದಳು. ಈ ಪ್ರಪಂಚದಲ್ಲಿ ನನಗೆ ಬೇಡವಾಗಿದ್ದ ಪ್ರಶ್ನೆ ಅದೊಂದೇ. ನಾನು ಹರಿವಾಣ ನೋಡುತ್ತ ನಿಂತೆ. ಇನ್ನೊಂದು ಗಳಿಗೆಯಲ್ಲಿ ಮಗುವಿಗೆ ಎಲ್ಲ ಗೊತ್ತಾಗುತ್ತದೆ, ನಾನು ತೋರಿಸಿದ ಕಪ್ಪೆ, ಕೊಕ್ಕರೆ, ಗೀಜಗ ಒಂದೂ ಅವಳದ್ದಾಗಿ ಉಳಿಯುವುದಿಲ್ಲ, ಮುಂದಿನ ಸಂಜೆಗಳಲ್ಲಿ ಅವಳು ಫೋನಿಗೆ ಬರುವಳೋ ಇಲ್ಲವೋ ಎಂದೆಲ್ಲ ಯೋಚಿಸಿದೆ. ಗುಲಾಬಿ ಅಕ್ಕ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ನಾನಾ? ನಾ ಗದ್ದಿ ಕಾಂಬೋಳ್ ಮಗಾ" ಎಂದರು. "ನಿನ್ ಮಾವ ಅಂಗ್ಡಿಗ್ ಹೋಪತ್ತಿಗೆ ಗದ್ದಿ ಕಾಂಬುಕೆ ಯಾರಾರೂ ಬೇಡ್ದಾ?"

ಕಣ್ಣು ತುಂಬಿತು ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ತುಂಬಿದ್ದು ಹೌದು. ಸಾನ್ವಿ ತಾನೇ ಆರಿಸಿ ಆರಿಸಿ ಕದಿರು ತೆಗೆದು ಹರಿವಾಣಕ್ಕೆ ಹಾಕಿದಳು. ಹೊರಡುವಾಗ ಗುಲಾಬಿ ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಹ್ವಾಯ್, ಗದ್ದಿ ನಿಮ್ದ್ ಅಂದ್ ಮೇಲೆ ಕೆಲ್ಸವೂ ನಿಮ್ದೇ ಕಾಣಿ. ಕರೀತೆ, ಬರ್ಕ್" ಎಂದರು. ತಮಾಷೆ ಎಂದುಕೊಂಡು ನಾನು ತಲೆಯಾಡಿಸಿದೆ. ಮನೆಯಲ್ಲಿ ಕಂಬಕ್ಕೆ, ಬಾವಿಗೆ ಕಟ್ಟಿ ಉಳಿದ ಕದಿರನ್ನು ಸಾನ್ವಿಯ ಒತ್ತಾಯಕ್ಕೆ ಅಂಗಡಿಗೆ ಒಯ್ದು ಜೆರಾಕ್ಸ್ ಮಿಷನ್ನಿಗೂ ಕಟ್ಟಿದೆ. ಹೊಸ ಅಕ್ಕಿಯ ಮೊದಲ ತುತ್ತಿಗೆ ಮುಂಚೆ ಹಿರಿಯರಿಗೆಲ್ಲ 'ಹೊಸ್ತ್ ಉಂತೆ' ಎಂದು ಹೇಳಿ ಒಪ್ಪಿಗೆ ಪಡೆಯುವುದು ಕ್ರಮ. ಅವಳು ನಮಗೆಲ್ಲ ಹೇಳಿ, ಮತ್ತೆ ಅಂಗಳಕ್ಕೆ ಓಡಿ ಗದ್ದೆಯ ದಿಕ್ಕಿಗೂ ಒಮ್ಮೆ ಕೂಗಿ ಬಂದು ಕೂತಳು. ಪ್ರೇಮಾ ಎಲೆಯ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ಉಣ್ಣಲೇ ಇಲ್ಲ.

ಅವರು ಹೋದ ಮೇಲೆ ಮನೆ ಮತ್ತೆ ದೊಡ್ಡದಾಯಿತು. ವಾರ ಕಳೆಯುವುದರೊಳಗೆ ಒಂದು ಜೋರು ಮಳೆ ಬಂತು. ಬೆಳಿಗ್ಗೆಯೇ ಅಂಗಳದಲ್ಲಿ ಗುಲಾಬಿ ಅಕ್ಕ. "ನಿಮ್ ಗದ್ದಿ ಕಂಟ ಒಡ್ದಿತ್ತ್. ತೋಡಿನ್ ನೀರೆಲ್ಲ ಒಳ್ಗ್ ಬತ್ತಿತ್ತ್. ಹಾರಿ ತಕಂಡ್ ಬನಿ." ಜಲಜ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಪಕ್ಕದ ಮನೆಯಿಂದ ಮಣ್ಣೆಳೆಯುವ ಹಾರೆ ಎರವಲು ತಂದೆ. ಒಡೆದ ಕಂಟಕ್ಕೆ, ಅಂದರೆ ಗದ್ದೆಯ ಬದುವಿಗೆ, ಮಣ್ಣು ಎಳೆಯುತ್ತಿದ್ದಾಗ ಮೊಬೈಲು ರಿಂಗಾಯಿತು. ಅದನ್ನು ತೆಂಗಿನ ಬುಡಕ್ಕೆ ಒರಗಿಸಿಟ್ಟೆ. ಮುಂಬೈಯಿಂದ ಸಾನ್ವಿಯ ಮೇಲ್ವಿಚಾರಣೆ ಶುರುವಾಯಿತು. "ಮಾವ, ಅಲ್ಲ್ ಮಾಟಿ ಒಳ್ಗ್ ಏಡಿ ಇತ್ತ್ ಕಾಣ್. ಅದ್ರ ಹತ್ರ ಕೇಳಿ ಮಣ್ಣ್ ಹಾಕ್." ಸೊಂಟ ಹಿಡಿದಿತ್ತು, ಉಸಿರು ಸಿಗುತ್ತಿರಲಿಲ್ಲ, ಗುಲಾಬಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಆದರೂ ಬಗ್ಗಿ, ಆ ಮಾಟೆಯ, ಅಂದರೆ ಏಡಿಯ ಬಿಲದ, ಬಾಯಿಗೆ ಕೈಯಿಟ್ಟು, ಮಣ್ಣು ಹಾಕಲೇ ಎಂದು ಏಡಿಯನ್ನು ಕೇಳಿದೆ. ಅದು ಕೂಡಲೇ ಉತ್ತರ ಕೊಟ್ಟಿತು.

ಮರುದಿನ ಅಂಗಡಿಯಲ್ಲಿ ಜೆರಾಕ್ಸಿಗೆ ಬಂದವರೊಬ್ಬರು ನನ್ನ ಊದಿಕೊಂಡ ಹೆಬ್ಬೆರಳು ನೋಡಿ, "ಎಂತ ಆಯ್ತ್ ಮಾರಾಯ್ರೆ?" ಎಂದು ಕೇಳಿದರು. "ಎಂತ ಇಲ್ಲ, ನಮ್ ಗದ್ದಿಯಂಗೆ ಏಡಿ ಕಚ್ತ್" ಎಂದೆ. ಅವರು ಕಾಗದ ತೆಗೆದುಕೊಂಡು ಹೋದರು. ಆಮೇಲೆ ಬಂದವರು ಬೆರಳಿನ ಬಗ್ಗೆ ಏನೂ ಕೇಳಲಿಲ್ಲ. ನಾನೇ ಹೇಳಿದೆ.