ನೆರೆಮನೆಯನ್ನೂ ಗುಡಿಸಿಕೊಟ್ಟ ಮೇಕ್‌ಫೈಲ್ ಮಹಾಶಯರಿಗೆ

ಪರಮಮಾನ್ಯರೇ,

ಹೊಸದಾಗಿ ಮದುವೆಯಾಗಿ, ಕಾರಣವಿಲ್ಲದೆ ಲಿಫ್ಟಿನಲ್ಲಿ ಒಬ್ಬಳೇ ನಗುತ್ತ ನಿಲ್ಲುವ ಈ ಇಂಜಿನಿಯರ್ ಹುಡುಗಿಯ ಅನಂತ ವಂದನೆಗಳನ್ನು ಸ್ವೀಕರಿಸಬೇಕು. ಹೊರಗಿನವರು ಬರೆದ, ಹಾಡಿನ ಫೈಲುಗಳನ್ನು ಚಿಕ್ಕದು ಮಾಡುವ ಸಿದ್ಧ ಕೋಡಿನ ಲೈಬ್ರರಿಯೊಂದರ ಜೊತೆ ತಾವು ನಮ್ಮ ಕೋಡಿನ ದೊಡ್ಡ ಸಂಸಾರಕ್ಕೆ ದಯಮಾಡಿಸಿದಿರಿ. ಯಾವ ಫೈಲಿನ ನಂತರ ಯಾವುದನ್ನು ಕಟ್ಟಬೇಕೆಂದು ಯಂತ್ರಕ್ಕೆ ಅಪ್ಪಣೆ ಕೊಡುವವರು ತಾವು. ತಮ್ಮ ನಡತೆ ನಮ್ಮ ಪದ್ಧತಿಗೆ ಒಗ್ಗುತ್ತದೆಯೇ ಎಂದು ನೋಡಬೇಕಾದವಳು ನಾನು. ಆ ಕೆಲಸ ಮುಗಿದರೆ ಮಾತ್ರ ಮಧುಚಂದ್ರಕ್ಕೆ ರಜೆ ಎಂದು ಟೀಮ್ ಲೀಡ್ ಮೇಡಂ, ಪ್ರೀತಿಯಿಂದಲೇ, ಹೇಳಿದ್ದರು. ರೈಲು ಶುಕ್ರವಾರ.

ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಲು ಯಾವ ಕಂಪೈಲರ್ ಬಳಸಬೇಕೆಂದು ನಾವು ಒಂದೇ ಕಡೆ ಬರೆದಿಟ್ಟು ಎಲ್ಲರೂ ಪಾಲಿಸುತ್ತೇವೆ; ತಾವು ಅದನ್ನು ಕಣ್ಣೆತ್ತಿಯೂ ನೋಡದೆ ತವರಿನದನ್ನೇ ಕರೆದಿರಿ. ಕೋಡಿನಲ್ಲಿ ಅನುಮಾನ ಬಂದಾಗ ಅದು ಕೂಗುವ ಎಚ್ಚರಿಕೆಗಳ ಬಾಯಿ ಮುಚ್ಚಿಸಿದ್ದರಿಂದ ನಮ್ಮ ಕೋಣೆಯಲ್ಲಿ ಎಂದೂ ಇಲ್ಲದ ಶಾಂತಿ ನೆಲೆಸಿತು. ಇನ್ನು ತಮ್ಮ ಶುಚಿತ್ವ! ಮಂಗಳವಾರ ಬೆಳಿಗ್ಗೆ ಕ್ಲೀನ್ ಎಂದು ಅಪ್ಪಣೆ ಕೊಟ್ಟೆ. ತಾವು ಕಟ್ಟಿದ್ದನ್ನಷ್ಟೇ ಅಳಿಸಿ ಸುಮ್ಮನಾಗುವ ಸಣ್ಣತನ ತೋರದೆ, ಎಲ್ಲರೂ ತಾವು ಕಟ್ಟಿದ್ದನ್ನು ಇಡುವ ಹಂಚಿಕೆಯ ಫೋಲ್ಡರನ್ನೇ ಗುಡಿಸಿ ಸಾರಿಸಿದಿರಿ. ಇಡೀ ಮಹಡಿಯ ಜನ ಕುರ್ಚಿಗಳಿಂದ ಒಟ್ಟಿಗೆ ಎದ್ದು ನಿಂತರು; ನನ್ನ ಮದುವೆಯಲ್ಲೂ ಯಾರೂ ಹಾಗೆ ಎದ್ದಿರಲಿಲ್ಲ. ಎಲ್ಲವನ್ನೂ ಮತ್ತೆ ಕಟ್ಟುವಷ್ಟರಲ್ಲಿ ಮಂಗಳವಾರವೇ ಹೋಯಿತು.

ನನಗೆ ಮಾತ್ರ ಕೋಪ ಬರಲಿಲ್ಲ, ಏಕೆಂದರೆ ನನ್ನ ಮುದ್ದು ಗಂಡ ಕಪಾಟು ಓರಣ ಮಾಡುವುದೂ ಹೀಗೆಯೇ. ಮೊನ್ನೆ ಅವರು ತಮ್ಮ ಎರಡು ಅಂಗಿ ಇಡಲು ಜಾಗ ಮಾಡುತ್ತೇನೆಂದು ಹೋಗಿ, ನನ್ನ ಬಟ್ಟೆ, ಅತ್ತೆಯವರ ಶಾಲು, ಮಾವನವರ ಕನ್ನಡಕ ಎಲ್ಲವನ್ನೂ ಮೂಟೆ ಕಟ್ಟಿ ಹಳೇ ಬಟ್ಟೆಯವನಿಗೆ ಕೊಟ್ಟು, ಖಾಲಿ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನಿಂತಿದ್ದರು.

ಆದ್ದರಿಂದ ತಮ್ಮಲ್ಲಿ ವಿನಂತಿ: ಗುಡಿಸುವ ಮುನ್ನ ನೆಲವನ್ನೇ ಅದು ಯಾರದೆಂದು ಕೇಳಬೇಕು, ಅಳಿಸಿದ ಫೈಲುಗಳ ಮನೆಮನೆಗೂ ಹೋಗಿ ಕ್ಷಮೆ ಯಾಚಿಸಬೇಕು, ಬರುವಾಗ ಮಂಗಳವಾರವನ್ನು ವಾಪಸು ತರಬೇಕು. ಆಗದಿದ್ದರೂ ಬೇಸರವಿಲ್ಲ. ಹೊರಗಿನವರ ಫೈಲನ್ನು ತಿದ್ದಬಾರದು, ಪಕ್ಕದಲ್ಲಿ ನಮ್ಮದೊಂದು ಬರೆದುಕೊಳ್ಳಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಅದರಂತೆ ಪುಟ್ಟ ಮೇಕ್‌ಫೈಲೊಂದನ್ನು ಬರೆದಿದ್ದೇನೆ. ಇನ್ನು ದುಡಿಮೆಯೆಲ್ಲ ಅದರದ್ದು. ತಾವು ಒಂದಕ್ಷರವೂ ಬದಲಾಗದೆ ತಮ್ಮ ಫೋಲ್ಡರಿನಲ್ಲೇ ವಿರಾಜಮಾನರಾಗಿರಿ. ತಮ್ಮನ್ನು ಯಾರೂ, ಎಂದೆಂದಿಗೂ, ಕರೆಯುವುದಿಲ್ಲ. ಮೇಡಂ ಒಪ್ಪಿದ್ದಾರೆ, ರಜೆ ಸಿಕ್ಕಿದೆ.

ತಮ್ಮ ಅಖಂಡ ವಿಶ್ರಾಂತಿಯನ್ನೇ ಬಯಸುವ,
ತಮ್ಮ ವಿಶ್ವಾಸಿ,
ರಜೆ ಗಿಟ್ಟಿಸಿದ ನವವಧು

ತಾ.ಕ.: ಸೂಟ್‌ಕೇಸು ತುಂಬುತ್ತಿದ್ದ ಗಂಡನಿಗೆ ತಮ್ಮ ಕಥೆ ಹೇಳಿ ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಕರವಸ್ತ್ರ ಮಡಿಸುತ್ತಲೇ, "ಅದನ್ನ ಕಾಲೇಜಲ್ಲಿದ್ದಾಗ ನಾನೇ ಬರ್ದಿದ್ದು ಕಣೇ. ಅಷ್ಟೊಂದು ಕೆಟ್ಟದಾಗಿದ್ಯಾ?" ಅಂದರು. ಛೆ, ಎಲ್ಲಾದರೂ ಉಂಟೇ ಎಂದು ಗಲ್ಲ ಹಿಂಡಿದೆ. ಅವರು ತುಂಬಿದ ಸೂಟ್‌ಕೇಸಿನಲ್ಲಿ ಒಂದು ಕರವಸ್ತ್ರವನ್ನೂ ನಾನು ಅಲುಗಿಸಿಲ್ಲ. ಪಕ್ಕದಲ್ಲಿ, ಇಬ್ಬರಿಗೂ ಬೇಕಾದದ್ದನ್ನೆಲ್ಲ ಹಾಕಿ, ನನ್ನದೊಂದನ್ನು ತುಂಬಿಟ್ಟಿದ್ದೇನೆ. ರೈಲು ಹತ್ತುವುದು ಅದು.