ಮ್ಯೂಸಿಯಮ್ಮಿಗೆ ಸಾಮಾನು ತಂದೆ, ಮಾನ ಬಿಟ್ಟು ಬಂದೆ

ನಿವೃತ್ತ ಮೇಷ್ಟ್ರಿಗೆ ಊರಲ್ಲಿ ಉಳಿಯುವ ಆಸ್ತಿ ಅಂದರೆ ಮರ್ಯಾದೆ ಒಂದೇ. ಅದನ್ನು ಜೋಪಾನ ಮಾಡಿಕೊಂಡು ಮನೆಯಲ್ಲಿ ಕೂತಿರಬೇಕಾಗಿತ್ತು. ಕೂರಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳೇ ಶಾಲೆಗಳ ಸಾಮಾನೆಲ್ಲ ಕೂಡಿಸಿ ಒಂದು ಮ್ಯೂಸಿಯಂ ಮಾಡುತ್ತೇನೆ ಅಂತ ಹೊರಟೆ. ಅವತ್ತಿನಿಂದ ನಾನು ತಲೆ ತಗ್ಗಿಸಿಕೊಂಡು ಓಡಾಡದ ವಾರವೇ ಇಲ್ಲ. ಹೇಳಿಕೊಳ್ಳಲು ನಾಚಿಕೆ, ಹೇಳದೆ ಇರಲು ಬಾಯಿ ಬಿಡುವುದಿಲ್ಲ.

ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಖಾಲಿ ಬಿದ್ದಿದ್ದ ಕೋಣೆಯನ್ನು ಕಾಡಿ ಬೇಡಿ ಪಡೆದಿದ್ದೆ. ಶಿಕ್ಷಣಾಧಿಕಾರಿ ಮೇಡಂ ಒಂದೇ ಮಾತು ಹೇಳಿದ್ದರು: "ದಸರಾ ರಜೆಗೆ ಮುಂಚೆ ಬಂದು ನೋಡ್ತೀನಿ ಮೇಷ್ಟ್ರೇ. ನೋಡೋ ಅಂಥದ್ದು ಏನೂ ಇಲ್ಲದಿದ್ರೆ ಬಿಸಿಯೂಟದ ಅಕ್ಕಿ ಮೂಟೆ ಇಡಿಸ್ತೀನಿ." ಆಗಬಹುದು ಅಂದೆ. ನನ್ನ ಮ್ಯೂಸಿಯಂ ಉಳಿಯಬೇಕಾದರೆ ಅಕ್ಕಿಗಿಂತ ಮೇಲು ಅನ್ನಿಸಿಕೊಳ್ಳಬೇಕಿತ್ತು.

ಗಂಟೆ

ಬಂಡಳ್ಳಿ ಕಡೆಯ ಒಂದು ಶಾಲೆಯ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ತಲೆಮಾರುಗಳಿಂದ ಅದೇ ಗಂಟೆ. ಈಗ ಎಲೆಕ್ಟ್ರಿಕ್ ಬೆಲ್ಲು ಬಂದಿದೆ, ಈ ಕಂಬಿಗೇನು ಕೆಲಸ ಅಂತ ಹೆಡ್‌ಮಾಸ್ಟರನ್ನು ಒಪ್ಪಿಸಿ, ಆಟೋದಲ್ಲಿ ಹೇರಿಕೊಂಡು ಬಂದೆ.

ಮಾರನೇ ದಿನ ಅಲ್ಲಿ ಹಗಲೆಲ್ಲ ಕರೆಂಟಿಲ್ಲ. ಅದರ ಮಾರನೇ ದಿನ ಕೂಲಿ ಹೆಂಗಸರ ಗುಂಪೊಂದು ಬಸ್ಸಿಳಿದು ನೇರ ನನ್ನ ಕೋಣೆಗೇ ಬಂತು.

"ಕಂಬಿ ಎತ್ಕಂಡ್ ಬಂದೋರು ನೀವೇಯಾ ಸಾ?"

"ಹೌದಮ್ಮ. ಅದು ಇತಿಹಾಸ. ಕಾಪಾಡಬೇಕು."

"ಮೊದ್ಲು ನಮ್ ವಟ್ಟೆ ಕಾಪಾಡಿ! ಮಕ್ಳ ಊಟುದ್ ಗಂಟೆ ಒಡುದ್ರೆ ನಾವೂ ಕಳೆ ಕೀಳೋದ್ ಬುಟ್ಟು ಉಣ್ಣಕ್ ಕುಂತ್ಕತಿದ್ವಿ. ನೆನ್ನೆ ಒಡೀನೇ ಇಲ್ಲ. ಇನ್ನೂ ಒತ್ತಾಗಿಲ್ಲ ಕಣ್ರಮ್ಮಿ ಅಂತ ಜಮೀನೋನು ಸಂದೇಗಂಟ ಕೀಳುಸ್ದ!"

ನಾಚಿಕೆಯಿಂದ ಕುಗ್ಗಿಹೋದೆ. ಅವರ ಜೊತೆಗೇ ಆಟೋ ಮಾಡಿಕೊಂಡು ಹೋಗಿ, ನಾನೇ ಏಣಿ ಹತ್ತಿ ಕಂಬಿ ಕಟ್ಟಿದೆ. ನಾದ ಸರಿಯಾಗಿದೆಯೋ ನೋಡೋಣ ಅಂತ ಒಂದಷ್ಟು ಏಟು ಬಾರಿಸಿಯೂ ಬಾರಿಸಿದೆ. ಬೆಳಗ್ಗೆ ಹತ್ತೂವರೆಗೆ ಇಡೀ ಬಯಲಿನ ಆಳುಗಳು ಕಳೆ ಬಿಟ್ಟು ಬುತ್ತಿ ಬಿಚ್ಚಿಕೊಂಡು ಕೂತರು. ಆ ಜಮೀನಿನವನು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಬೆಂಚು

ಗಂಟೆ ಹೋಯಿತು, ಬೆಂಚಾದರೂ ಸಿಗಲಿ ಅಂತ ಕುಂತೂರಿಗೆ ಹೋದೆ. ಅಲ್ಲಿನ ಶಾಲೆಯವರು ತೇಗದ ಉದ್ದನೆಯ ಬೆಂಚೊಂದನ್ನು ಸಂತೋಷವಾಗಿ ಕೊಟ್ಟರು. ಕಬ್ಬು ಇಳಿಸಿ ವಾಪಸ್ಸು ಬರುವಾಗ ತಂದುಕೊಡಪ್ಪ ಅಂತ ಒಬ್ಬ ಟ್ರ್ಯಾಕ್ಟರಿನವನಿಗೆ ಒಪ್ಪಿಸಿದೆ. ಅವನು ಇನ್ನೂ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿದ್ದ. ಬೆಂಚನ್ನು ಪಕ್ಕದ ಹುಣಸೇಮರದ ನೆರಳಿಗೆ ಹಾಕಿದ. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಬಂದು ಕೂತರು.

ವಾರವಾದರೂ ಬೆಂಚು ಬರಲಿಲ್ಲ. ನಾನೇ ಹೋಗಿ ಗದರಿದೆ, "ಏಳ್ರಯ್ಯ, ಇದು ಮ್ಯೂಸಿಯಮ್ಮಿನ ಬೆಂಚು!"

ಒಬ್ಬ ರೈತ ಕೂತಲ್ಲಿಂದಲೇ ಕೇಳಿದ, "ಅಲ್ಲಿ ಇದ್ರ ಮ್ಯಾಲೆ ಕುಂತ್ಕಬೋದಾ ಸಾ?"

"ಛೆ ಛೆ, ಮುಟ್ಟೋ ಹಾಗೂ ಇಲ್ಲ."

"ಕುಂತ್ಕಳಕ್ಕಾಗ್ದ ಬೆಂಚು ಯಾಕ್ ಸಾ? ಬನ್ನಿ, ನೀವೂ ಕುಂತ್ಕಳಿ. ಲೇ, ಜರುಗ್ಲಾ, ಮೇಷ್ಟ್ರಿಗ್ ಜಾಗ ಬುಡು!"

ಕಾಲು ನೋಯುತ್ತಿತ್ತು, ಕೂತೆ. ಟೀ ಬಂತು. ಮಾತು ಬಂತು. ಇನ್ನೊಂದು ಟೀ ಬಂತು. ಸಂಜೆ ಮನೆಗೆ ಹೋದರೆ ಹೆಂಡತಿ ಕೇಳಿದಳು, "ಬೆಂಚೆಲ್ಲಿ?"

"ಅಲ್ಲೇ ಇದೆ," ಅಂದೆ. "ನಾಳೆಗೆ ಟವೆಲ್ಲು ಹಾಕಿ ಜಾಗ ಹಿಡಿದು ಬಂದಿದ್ದೀನಿ."

ಫೋಟೋ

ದಸರಾ ಹತ್ತಿರ ಬಂತು. ಕೋಣೆಯಲ್ಲಿ ಒಂದಿಷ್ಟು ಸ್ಲೇಟು, ಮಸಿ ಕುಡಿಕೆ ಬಿಟ್ಟರೆ ನೋಡುವಂಥದ್ದು ಒಂದೇ: ಅಗರದಲ್ಲಿ ನಾನು ಓದಿದ ಪ್ರೈಮರಿ ಶಾಲೆಯ ಗ್ರೂಪ್ ಫೋಟೋ. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೆ. ಮುಂದಿನ ಸಾಲಿನ ನಡುವೆ, ಓಟದಲ್ಲಿ ಗೆದ್ದ ಶೀಲ್ಡನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತ ಬೋಳುತಲೆಯ ಮಗು. ನೋಡಿದ ಕೂಡಲೇ ಅದು ನಾನೇ ಅನ್ನಿಸಿತ್ತು. ಆ ವರ್ಷ ಮಾದಪ್ಪನ ಬೆಟ್ಟದಲ್ಲಿ ನನ್ನ ಮುಡಿ ಕೊಟ್ಟಿದ್ದರು. ಜೀವ ಬಿಟ್ಟು ಓಡಿದ್ದು, ಊರೆಲ್ಲ ಕೂಗಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೆಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ಬರೆಸಿದೆ: "ಓಟದ ವಿಜೇತ, ಈ ಮ್ಯೂಸಿಯಮ್ಮಿನ ಸ್ಥಾಪಕರು."

ಮೇಡಂ ಬಂದರು. ಸ್ಲೇಟು ನೋಡಿ ಆಕಳಿಸಿದರು. "ಅಕ್ಕಿಗೆ ಕೋಣೆ ಚೆನ್ನಾಗಿದೆ," ಅಂದರು. ಬೇಗ ಬೇಗ ಫೋಟೋದ ಮುಂದೆ ಕರೆತಂದು, ಹಳೇ ವಿದ್ಯಾರ್ಥಿನಿ ಅಂತ ಅಗರದಿಂದ ಕರೆಸಿದ್ದ ಅಜ್ಜಿಯೊಬ್ಬರನ್ನು ಪರಿಚಯಿಸಿದೆ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಆಕೆ ನಾಲ್ಕನೇ ಕ್ಲಾಸು.

ಅಜ್ಜಿ ಫೋಟೋದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರು.

"ಅಯ್ಯೋ ಸಿವ್ನೆ! ಈ ಸೀಲ್ಡ್ ಇಡ್ಕಂಡಿರೋದು ನಾನಲ್ವಾ!"

"ಅಲ್ಲ ಅಕ್ಕ, ಅದು ಗಂಡುಹುಡುಗ..."

"ಯಾವ್ ಗಂಡು? ಬೆಟ್ಟುಕ್ಕೋಗಿ ನನ್ ಮುಡಿನೂ ಕೊಟ್ಟಿದ್ರು. ನಮ್ಮಣ್ಣನ್ ಅಂಗಿ ಇಕ್ಕಂಡಿವ್ನಿ. ಸೀಲ್ಡ್ ಇಂದೆ ಲಂಗ ಅದೆ ಕಣಪ್ಪ, ಬಗ್ಗಿ ನೋಡು!"

ಬಗ್ಗಿ ನೋಡಿದೆ. ಶೀಲ್ಡಿನ ಪಕ್ಕದಲ್ಲಿ ಲಂಗದ ಅಂಚು ಇಣುಕುತ್ತಿತ್ತು.

ಮೇಡಂ ಅವರ ಆಕಳಿಕೆ ನಿಂತಿತ್ತು. "ಹಾಗಾದ್ರೆ ನಮ್ಮ ಸ್ಥಾಪಕರು ಎಲ್ಲಿ?"

"ನಾನೂ ಓಡಿದ್ದು ನಿಜ ಮೇಡಂ," ಅಂದೆ.

"ಓಡಿದ್ದು ದಿಟವೇಯಾ!" ಅಂದರು ಅಜ್ಜಿ. "ಫೋಟೋದೋನು ಕರೀ ಬಟ್ಟೆ ಮುಸುಕಾಕಂಡ್ನಾ, ಗುಮ್ಮ ಬಂತು ಅಂತ ಕಿರ್ಚ್ಕಂಡು ಓಡ್ದ ಮುಂಡೇದು! ಇಡ್ಕಳ್ರಲಾ ಅಂತ ಊರೆಲ್ಲ ಕೂಗ್ತು. ಅಗೋ, ಅಲ್ಲವ್ನೆ ನೋಡಿ!"

ಅಜ್ಜಿಯ ಬೆರಳು ಫೋಟೋದ ಬಲತುದಿಗೆ ಹೋಗಿ ನಿಂತಿತು. ಚೌಕಟ್ಟಿನಿಂದ ಆಚೆ ಹಾರುತ್ತಿರುವ ಒಂದು ಬರಿಗಾಲು. ಅಷ್ಟೇ. ಮಿಕ್ಕ ನಾನು ಫೋಟೋದಲ್ಲಿ ಇರಲಿಲ್ಲ.

ಮೇಡಂ ತಡೆಯಲಾರದೆ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಕೊನೆಗೆ ಗೋಡೆ ಹಿಡಿದುಕೊಂಡು ನಿಂತರು. "ಅಕ್ಕಿ ಇನ್ನೆಲ್ಲಾದ್ರೂ ಇಡಿಸ್ತೀನಿ ಮೇಷ್ಟ್ರೇ. ಕೋಣೆ ನಿಮಗೇ. ಆದ್ರೆ ಆ ಕಾಲಿಗೆ ಹೆಸರು ಹಾಕಿಸಲೇಬೇಕು."

ಹಾಕಿಸಿದ್ದೇನೆ, ಅದೇ ಚಿನ್ನದ ಬಣ್ಣದಲ್ಲಿ. ಈಗ ಸುತ್ತಮುತ್ತಲ ಶಾಲೆಗಳವರೆಲ್ಲ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಸ್ಲೇಟಿನ ಮುಂದೆ ಯಾರೂ ನಿಲ್ಲುವುದಿಲ್ಲ. "ಸಾ, ಸ್ಥಾಪಕರ ಕಾಲು ಎಲ್ಲಿದೆ?" ಅಂತ ಕೇಳಿ, ಫೋಟೋದ ಬಲತುದಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ.