ಫೈಬರ್ ದೋಣಿಗೆ ಹೊಸ ನೆಲ

ಇಷ್ಟೆಲ್ಲ ಆದದ್ದಕ್ಕೆ ಕಾರಣ ವಿಠಲನ ಬಲಗಾಲು. ಅದೊಂದು ಆ ದಿನ ಇದ್ದ ಜಾಗದಲ್ಲಿ ಸುಮ್ಮನೆ ಇದ್ದಿದ್ದರೆ ಅವನ ಮದುವೆ ಎಂದೋ ಆಗಿಹೋಗುತ್ತಿತ್ತು.

ವಿಠಲ ಕಡಿಯಾಳಿಯವ, ಕಟಪಾಡಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಅಜ್ಜನ ಕಾಲದವರೆಗೆ ಮನೆಯವರೆಲ್ಲ ಕಡಲಿಗೆ ಹೋದವರೇ. ಇವನಿಗೆ ಮಾತ್ರ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ವಾಂತಿ. ಬ್ಯಾಂಕು ಮಾಳಿಗೆಯಲ್ಲಿತ್ತು, ಪಕ್ಕದ ಕೋಣೆಯಲ್ಲಿ ಹೊಲಿಗೆ ಕ್ಲಾಸು. ಆ ಕ್ಲಾಸಿಗೆ ಮಟ್ಟುವಿನಿಂದ ನಳಿನಾಕ್ಷಿ ಬರುತ್ತಿದ್ದಳು. ಮೆಟ್ಟಿಲು ಇಬ್ಬರಿಗೂ ಒಂದೇ. ಒಂದು ವರ್ಷ ಮೆಟ್ಟಿಲಲ್ಲೇ ಕಳೆಯಿತು. ಆಮೇಲೆ ಮನೆಯವರು ಬಳಿ, ಅಂದರೆ ಕುಲದ ಹೆಸರು, ಕೇಳಿದರು, ಬೇರೆ ಬೇರೆ. ಜಾತಕ ನೋಡಿದರು, ಕೂಡಿತು. ಉಳಿದದ್ದು ಹುಡುಗಿಯ ಅಪ್ಪ ದೂಮಪ್ಪ ಒಮ್ಮೆ "ಆಯಿತು" ಅನ್ನುವುದು ಮಾತ್ರ.

ದೂಮಪ್ಪನ ಮನೆ ಮಟ್ಟು ಹೊಳೆಯ ಬದಿಯಲ್ಲಿ. ಹೆಣ್ಣು ನೋಡಲು ಹೋದ ವಿಠಲನಿಗೆ ಅವನು ಹೆಣ್ಣಿಗಿಂತ ಮೊದಲು ತೋರಿಸಿದ್ದು ಅಂಗಳದ ದೋಣಿಯನ್ನು. ಹನ್ನೆರಡು ವರ್ಷ ಹಿಂದೆ, ಎಪ್ಪತ್ತೆರಡರಲ್ಲಿ, ಯಾರೋ ವಿದೇಶದವರು ಪ್ರಯೋಗಕ್ಕೆಂದು ತಂದು ಬಿಟ್ಟುಹೋದ ಇಪ್ಪತ್ತಡಿಯ ಫೈಬರ್ ದೋಣಿ. ಆ ಊರಿಗೇ ಮೊದಲನೆಯದು. "ಹೇಗುಂಟು?" ಎಂದ ದೂಮಪ್ಪ. ಹೆಣ್ಣಿನ ಅಪ್ಪನನ್ನು ಮೆಚ್ಚಿಸುವ ಆತುರದಲ್ಲಿ ವಿಠಲ ದೋಣಿಗೆ ಹತ್ತಿ, "ಒಳ್ಳೆ ಗಟ್ಟಿ ಉಂಟು" ಎಂದು ಬಲಗಾಲಿನಿಂದ ಜೋರಾಗಿ ಒಂದು ತುಳಿದ.

ಕಾಲು ಮೊಣಕಾಲಿನವರೆಗೆ ಕೆಳಗೆ ಹೋಯಿತು.

ಫೈಬರಿನ ಸಂಗತಿಯೇ ಹಾಗೆ. ಹೊರಗಿನ ಚಿಪ್ಪಿಗೆ ಎಂತದೂ ಆಗುವುದಿಲ್ಲ. ಆದರೆ ಒಳಗೆ ಉದ್ದಕ್ಕೆ ಎರಡು ಮರದ ತೊಲೆ ಇರುತ್ತವೆ, ಅದರ ಮೇಲೆ ನೆಲದ ಹಲಗೆ. ಯಾವುದೋ ಸ್ಕ್ರೂ ತೂತಿನಿಂದ ನೀರು ಇಳಿದು ಅವೆರಡೂ ಸದ್ದಿಲ್ಲದೆ ಕೊಳೆತಿದ್ದವು. ಊರಿಗೆಲ್ಲ ಅದು ಗೊತ್ತಿತ್ತು, ದೂಮಪ್ಪನಿಗೂ ಗೊತ್ತಿತ್ತು. ಆದರೆ ಕಾಲು ಹಾಕಿದ್ದು ವಿಠಲ.

"ಮುರಿಯುವವನಿಗೆ ನಾನು ಮಗಳನ್ನು ಕೊಡುವುದಿಲ್ಲ ಮಾರಾಯ್ರೆ, ಕಟ್ಟುವವನಿಗೆ ಕೊಡುತ್ತೇನೆ. ಇವತ್ತಿಗೆ ಮೂರನೇ ಆದಿತ್ಯವಾರ ಸಂಜೆ ಐದಕ್ಕೆ ಹೊಳೆಯಲ್ಲಿ ಉಬ್ಬರ. ಆ ಹೊತ್ತಿಗೆ ಇದು ತೇಲಬೇಕು. ತೇಲಿದರೆ ಮಗಳು ನಿಮಗೆ. ಇಲ್ಲದಿದ್ದರೆ ಒಂದು ಎಳನೀರು ಕುಡಿದು ಹೋಗಿ."

ಬಾಗಿಲ ಮರೆಯಲ್ಲಿ ನಿಂತಿದ್ದ ನಳಿನಾಕ್ಷಿ ಏನೋ ಹೇಳಲು ಬಂದಳು. ಅವಳ ತಾಯಿ ಅಮ್ಮಣ್ಣಿ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಮೊದಲೆರಡು ಆದಿತ್ಯವಾರ ಕಿತ್ತು ತೆಗೆಯುವುದರಲ್ಲೇ ಹೋಯಿತು. ತೊಲೆಗಳು ನೆನೆದ ಅವಲಕ್ಕಿಯ ಹಾಗೆ ಕೈಯಲ್ಲಿ ಬಂದವು. ವಿಠಲ ಕೆರೆದ, ಉಜ್ಜಿದ, ಚಿಪ್ಪನ್ನು ಬಿಸಿಲಿಗೆ ಒಣಗಿಸಿದ. ಇದನ್ನೆಲ್ಲ ಹೇಳಿಕೊಟ್ಟವನು ಶಂಕರಪುರದ ಓಸ್ವಾಲ್ಡ್. ಫೈಬರಿನ ನೀರಿನ ಟ್ಯಾಂಕಿ ಮಾಡುವವನು, ವಿಠಲನ ಶಾಲೆಯ ಗೆಳೆಯ. ತೊಲೆ ಕೊಯ್ದು ತರಲು ಒಪ್ಪಿಕೊಂಡವನು ಹೂವಪ್ಪ ಆಚಾರಿ. ನಲವತ್ತು ವರ್ಷ ಮರದ ದೋಣಿ ಕಟ್ಟಿದ ಕೈ. ಫೈಬರ್ ಎಂದರೆ ಅವನಿಗೆ ಮೈಯೆಲ್ಲ ಉರಿ.

ಮೂರನೇ ಆದಿತ್ಯವಾರ ಬೆಳಿಗ್ಗೆ ಆರಕ್ಕೆ ವಿಠಲ ಹಾಜರು. ಪ್ಯಾಂಟು ಹಾಳಾಗಬಾರದೆಂದು ಅಮ್ಮಣ್ಣಿ ಗಂಡನ ಹೊಸ ಲುಂಗಿ ಕೊಟ್ಟಳು. ಹೂವಪ್ಪ ನೆಲದ ಹಲಗೆಗಳನ್ನೂ ಎರಡು ತೊಲೆಗಳನ್ನೂ ಹೊರಿಸಿಕೊಂಡು ಬಂದ. ತೊಲೆ ಇಟ್ಟು ನೋಡಿದರೆ ಎರಡೂ ನಾಲ್ಕಂಗುಲ ಉದ್ದ!

"ಆಚಾರ್ರೆ, ನಾನು ಅಳತೆ ಕಾಗದದಲ್ಲಿ ಬರೆದು ಕೊಟ್ಟಿದ್ದೆನಲ್ಲ?"

"ಕೊಟ್ಟಿದ್ದೀರಿ. ನಿಮ್ಮ ಅಳತೆಗೆ ವಾಸ್ತುವಿನ ಆಯ ಲೆಕ್ಕ ಹಾಕಿ ನೋಡಿದೆ, ಕಾಕಾಯ ಬಂತು. ಕಾಗೆ! ಅದರಲ್ಲಿ ಕೂತವನು ಉದ್ಧಾರ ಆಗ್ಲಿಕ್ಕುಂಟಾ? ನಾಲ್ಕಂಗುಲ ಸೇರಿಸಿದೆ, ವೃಷಭಾಯ ಬಂತು. ಈಗ ಚಿನ್ನದಂಥ ಅಳತೆ."

"ಆದರೆ ದೋಣಿಯೊಳಗೆ ಹಿಡಿಯುವುದಿಲ್ಲ ಅಲ್ವಾ?"

"ಅದು ದೋಣಿಯ ತಪ್ಪು," ಎಂದ ಹೂವಪ್ಪ, ಒಂದಿಷ್ಟೂ ಅಳುಕಿಲ್ಲದೆ. "ಅದನ್ನು ಮಾಡುವಾಗ ಯಾರೂ ಆಯ ನೋಡಲಿಲ್ಲ. ಹನ್ನೆರಡೇ ವರ್ಷಕ್ಕೆ ಕೊಳೆತದ್ದು ಯಾಕೆ ಎಂದುಕೊಂಡಿರಿ?"

ಒಂದು ಗಂಟೆ ವಾದ ನಡೆಯಿತು. ದೂಮಪ್ಪ ಆಯದ ಪಕ್ಷ, ಬೇಲಿಯಾಚೆ ನಿಂತ ನೆರೆಹೊರೆಯವರೂ ಆಯದ ಪಕ್ಷ. ಕೊನೆಗೆ ಹೂವಪ್ಪ ಚಾ ಕುಡಿಯಲು ಒಳಗೆ ಹೋದಾಗ ವಿಠಲ ಕಳ್ಳನ ಹಾಗೆ ಗರಗಸ ಎತ್ತಿ ನಾಲ್ಕು ನಾಲ್ಕಂಗುಲ ಕೊಯ್ದು, ತುಂಡುಗಳನ್ನು ತೆಂಗಿನ ಕಟ್ಟೆಯಲ್ಲಿ ಹುಗಿದ. ಹೂವಪ್ಪ ಬಂದು ನೋಡಿದ. ತೊಲೆಗಳು ಒಳಗೆ ಸರಿಯಾಗಿ ಕೂತಿವೆ.

"ನೋಡಿದಿರಾ? ಆಯ ಸರಿ ಇದ್ದರೆ ಎಲ್ಲ ತಾನಾಗಿ ಕೂರುತ್ತದೆ."

ಎಂಟಕ್ಕೆ ಓಸ್ವಾಲ್ಡ್ ರಾಳದ ಡಬ್ಬ, ಗಾಜಿನ ನಾರಿನ ಚಾಪೆ, ರಾಳವನ್ನು ಗಟ್ಟಿ ಮಾಡುವ ಮದ್ದಿನ ಒಂದು ಸಣ್ಣ ಬಾಟ್ಲಿ ಕೊಟ್ಟು ಇಗರ್ಜಿಗೆ ಹೊರಟ. "ನಾನು ಪೂಜೆ ಮುಗಿಸಿ, ಮಾವನ ಮನೆಗೂ ಹೋಗಿ ಸಂಜೆ ಬರ್ತೇನೆ. ನೆನಪಿಡು, ಒಂದು ಲೀಟರು ರಾಳಕ್ಕೆ ಈ ಬಾಟ್ಲಿಯದ್ದು ಒಂದೇ ಮುಚ್ಚಳ. ಹಾಕಿದ ಮೇಲೆ ಕಾಲು ಗಂಟೆ ಸಮಯ. ಆಮೇಲೆ ಅದು ಕಲ್ಲು. ಎರಡು ಸಲಕ್ಕೆ ಆಗುವಷ್ಟು ರಾಳ ಉಂಟು, ಜಾಗ್ರತೆ."

ವಿಠಲ ಅಮ್ಮಣ್ಣಿಯಿಂದ ಒಂದು ಅಲ್ಯೂಮಿನಿಯಂ ಪಾತ್ರೆ, ಒಂದು ಸೌಟು ಕೇಳಿ ತಂದು, ರಾಳ ಹೊಯ್ದು, ಬಾಟ್ಲಿಯಿಂದ ಅಳೆದು ಒಂದೇ ಮುಚ್ಚಳ ಹಾಕಿದ. ಚಾಪೆ ಕತ್ತರಿಸಲು ಆ ಕಡೆ ತಿರುಗಿದ. ಪಾತ್ರೆಯೊಳಗೆ ಇಣುಕಿ ನೋಡಿದ ದೂಮಪ್ಪನಿಗೆ ಬೇಸರವಾಯಿತು. ಇಷ್ಟು ದೊಡ್ಡ ಪಾತ್ರೆಗೆ ಇಷ್ಟೇ ಹನಿಯೋ! ಈ ಬ್ಯಾಂಕಿನವರ ಕೈಯೇ ಬಿಗಿ ಎಂದುಕೊಂಡು, ಮೀನು ಸಾರಿಗೆ ಹುಳಿ ಹಿಂಡುವವನ ಧಾರಾಳದಲ್ಲಿ ಅರ್ಧ ಬಾಟ್ಲಿ ಸುರಿದ.

ಪಾತ್ರೆ ಮೊದಲು ಬೆಚ್ಚಗಾಯಿತು. ಆಮೇಲೆ ಹೊಗೆ ಬಂತು. "ಬೆಂಕಿ! ಬೆಂಕಿ!" ಎಂದು ಬೇಲಿಯಾಚೆಯವರು ಈಚೆಗೆ ಹಾರಿದರು, ಯಾರೋ ಕೊಡಪಾನ ತಂದರು, ಹೂವಪ್ಪ "ನಾನು ಆಗಲೇ ಹೇಳಲಿಲ್ವಾ!" ಎಂದ. ಅವನು ಎಂತದೂ ಹೇಳಿರಲಿಲ್ಲ. ಹೊಗೆ ಇಳಿದಾಗ ಅಮ್ಮಣ್ಣಿ ಬಂದು ಸೌಟು ಹಿಡಿದು ಎತ್ತಿದಳು. ಪಾತ್ರೆಯೂ ಜೊತೆಗೇ ಎದ್ದು ಬಂತು.

"ಅಯ್ಯೋ ದೇವರೇ, ಇದರಲ್ಲಿ ನಾನಿನ್ನು ಗಂಜಿ ಬೇಯಿಸುವುದು ಹೇಗೆ?"

"ಅಮ್ಮಾ, ಹೊಸದು ತಂದುಕೊಡುತ್ತೇನೆ," ಎಂದ ವಿಠಲ. ದೂಮಪ್ಪನನ್ನು ಬೈಯುವ ಹಾಗಿಲ್ಲ. ಕರೆಯುವ ಹಾಗೂ ಇಲ್ಲ. "ಮಾವ" ಎನ್ನಲು ಇನ್ನೂ ಧೈರ್ಯವಿಲ್ಲ, "ಅಣ್ಣ" ಎಂದರೆ ನಳಿನಾಕ್ಷಿ ಅಣ್ಣನ ಮಗಳಾಗುತ್ತಾಳೆ. ಮೂರು ವಾರದಿಂದ ಅವನು "ಇವರೇ, ಸ್ವಲ್ಪ ಆಚೆ ನಿಲ್ಲುತ್ತೀರಾ?" ಎನ್ನುತ್ತಲೇ ದಿನ ಕಳೆದಿದ್ದ. ಈಗಲೂ ಅದನ್ನೇ ಅಂದ.

ಇನ್ನು ಉಳಿದದ್ದು ಒಂದೇ ಸಲದ ರಾಳ. ಗಂಟೆ ಹನ್ನೊಂದು. ವಿಠಲನಿಗೆ ಮೈಮೇಲೆ ಬಂದ ಹಾಗಾಯಿತು. ಹಳೆ ಬಕೆಟಿನಲ್ಲಿ ಕಲಸಿದ, ದೋಣಿಯೊಳಗೆ ಮಂಡಿಯೂರಿದ, ತೊಲೆಗಳ ಮೇಲೆ ನಾರಿನ ಚಾಪೆ ಹೊದೆಸಿ ಬ್ರಶ್ಶಿನಿಂದ ರಾಳ ಕುಡಿಸಿದ, ಗುಳ್ಳೆ ಒತ್ತಿ ತೆಗೆದ. "ಹಲಗೆ! ಹಲಗೆ ಕೊಡಿ!" ಎಂದು ಕೂಗಿದ. ಹೂವಪ್ಪನೂ ಹುಮ್ಮಸ್ಸಿಗೆ ಬಿದ್ದು ಮುಂದಿನ ಹಲಗೆ ಇಟ್ಟ, ನಡುವಿನದ್ದು ಇಟ್ಟ, ಕೊನೆಯದನ್ನು ವಿಠಲನ ಬೆನ್ನ ಹಿಂದೆ ಇಟ್ಟು ದಡದಡ ಒಂಬತ್ತು ಸ್ಕ್ರೂ ಬಿಗಿದ. ಅಂಚಿಗೆಲ್ಲ ರಾಳ ಸುರಿದದ್ದೂ ಆಯಿತು. ನೆಲ ಕನ್ನಡಿಯ ಹಾಗೆ ಹೊಳೆಯಿತು. ಮಟ್ಟುವಿನ ಜನ "ಪರವಾಗಿಲ್ಲ ಮಾರಾಯ" ಎಂದರು. ಆ ಊರಿನವರು ಅದಕ್ಕಿಂತ ಹೆಚ್ಚು ಯಾರನ್ನೂ ಹೊಗಳಿದವರಲ್ಲ.

ವಿಠಲ ಏಳಲು ಹೋದ. ಯಾರೋ ಹಿಂದಿನಿಂದ ಲುಂಗಿ ಹಿಡಿದು ಎಳೆದಂತಾಗಿ ತೊಪ್ಪನೆ ಕುಳಿತ. ತಿರುಗಿ ನೋಡಿದ, ಯಾರೂ ಇಲ್ಲ. ಲುಂಗಿಯ ಹಿಂದಿನ ಅಂಚು ಒಂದು ಮೊಳದಷ್ಟು ಹಲಗೆಯಡಿಗೆ ಹೋಗಿ, ರಾಳ ಕುಡಿದು, ಒಂಬತ್ತು ಸ್ಕ್ರೂವಿನ ಕೆಳಗೆ ಕಲ್ಲಾಗಿತ್ತು.

ಬಿಚ್ಚಿ ಹಾರಿ ಹೋಗಬಹುದಿತ್ತು. ಆದರೆ ಒಳಗಿದ್ದದ್ದು ಅಮ್ಮ ಕಿಟಕಿ ಪರದೆಯ ಉಳಿದ ಬಟ್ಟೆಯಲ್ಲಿ ಹೊಲಿದುಕೊಟ್ಟ ಚಡ್ಡಿ. ಅಂಗೈಯಗಲದ ಗುಲಾಬಿ ಹೂಗಳು. ಸುತ್ತ ಅರ್ಧ ಊರು, ಅದರಲ್ಲೂ ಹೊಲಿಗೆ ಕಲಿತ ನಳಿನಾಕ್ಷಿ!

"ಊಟಕ್ಕೆ ಏಳಿ," ಎಂದ ದೂಮಪ್ಪ.

"ಹಸಿವಿಲ್ಲ. ನಾನು ಇಲ್ಲೇ... ಒಣಗುವುದನ್ನು ನೋಡಿಕೊಳ್ಳುತ್ತೇನೆ."

"ನೋಡಿ ಶ್ರದ್ಧೆಯನ್ನು!" ಎಂದು ದೂಮಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಅಮ್ಮಣ್ಣಿ ಕುಚ್ಚಲಕ್ಕಿ ಅನ್ನ, ಮಟ್ಟುಗುಳ್ಳ ಬದನೆಯ ಹುಳಿ ದೋಣಿಗೇ ತಂದಿಟ್ಟಳು. ಊರವರು ಸರದಿಯಲ್ಲಿ ಬಂದು ಅವನು ಉಣ್ಣುವುದನ್ನು ನೋಡಿ ಹೋದರು. ಬಿಸಿಲು ನೆತ್ತಿಗೇರಿತು, ಇಳಿಯಿತು. ವಿಠಲ ಪ್ರತಿ ಐದು ನಿಮಿಷಕ್ಕೊಮ್ಮೆ ಲುಂಗಿಯನ್ನು ಮೆಲ್ಲಗೆ ಜಗ್ಗಿ ನೋಡುತ್ತಿದ್ದ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು, ಒಂದು ನೂಲೂ ಕದಲಲಿಲ್ಲ.

ನಾಲ್ಕೂವರೆಗೆ ಹೊಳೆ ತುಂಬತೊಡಗಿತು. ದೂಮಪ್ಪ ದೋಣಿಯ ಮೂತಿಗೆ ತೆಂಗಿನಕಾಯಿ ಒಡೆದ. "ಇಳಿಯಿರಿ, ದೂಡುವಾ."

"ನಾನು ಇಳಿಯುವುದಿಲ್ಲ," ಎಂದ ವಿಠಲ, ಲುಂಗಿಯನ್ನು ಇನ್ನೊಮ್ಮೆ ಜಗ್ಗಿ ನೋಡಿ.

ಹೊಸ ನೆಲದ ದೋಣಿಯನ್ನು ಮೊದಲು ಖಾಲಿಯಾಗಿ ಇಳಿಸಿ, ನೀರು ಜಿನುಗುತ್ತದೋ ನೋಡಿ, ಆಮೇಲೆ ಜನ ಹತ್ತುವುದು ವಾಡಿಕೆ. ಇವನು ತನ್ನ ಕೆಲಸದ ಮೇಲೆ ತನ್ನ ಜೀವವನ್ನೇ ಇಟ್ಟು ಕೂತಿದ್ದಾನೆ! ದೂಮಪ್ಪನ ಕಣ್ಣು ಒದ್ದೆಯಾಯಿತು. "ಐಸಾ!" ಎಂದು ಕೂಗಿ ಅವನೇ ಮೊದಲು ಭುಜ ಕೊಟ್ಟ. ಹದಿನೈದು ಜನ ಸೇರಿ ದೂಡಿದರು. ದೋಣಿ ತೆಂಗಿನ ದಿಮ್ಮಿಗಳ ಮೇಲೆ ಗಡಗಡ ಉರುಳಿ, ವಿಠಲನ ಹಲ್ಲುಗಳನ್ನೆಲ್ಲ ಒಂದಕ್ಕೊಂದು ಬಡಿಸಿ, ಜೋರಾಗಿ ನೀರಿಗೆ ಬಿತ್ತು.

ತೇಲಿತು! ಬಾತುಕೋಳಿಯ ಹಾಗೆ ತೇಲಿತು. ಒಂದು ಹನಿ ನೀರು ಒಳಗಿಲ್ಲ. ಒಳಗಿದ್ದವನಿಗೆ ಮಾತ್ರ ಹೊಟ್ಟೆಯಲ್ಲಿ ಮಟ್ಟುಗುಳ್ಳ ತಿರುಗುತ್ತಿತ್ತು.

"ಅಳಿಯಾ!" ಎಂದು ದೂಮಪ್ಪ ದಡದಿಂದ ಕೂಗಿದ. ಬಹುವಚನ ಹೊಳೆಯ ಪಾಲಾಗಿತ್ತು. "ನೀನು ನನ್ನ ಅಳಿಯ! ನಿನ್ನಂಥ ಕೈಗೆ ಬ್ಯಾಂಕು ಎಂತಕ್ಕೆ? ನಾಳೆಯೇ ರಾಜೀನಾಮೆ ಬಿಸಾಡು. ಇದಕ್ಕೆ ಮಿಷನ್ ಕೂರಿಸುವಾ, ನಾವಿಬ್ಬರೂ ಕಡಲಿಗೆ ಹೋಗುವಾ!"

ವಿಠಲ ವಾಂತಿಯನ್ನೂ ಸಂತೋಷವನ್ನೂ ಒಟ್ಟಿಗೆ ತಡೆದುಕೊಂಡ. ನಳಿನಾಕ್ಷಿ ಸಿಕ್ಕಿದಳಲ್ಲ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. ಅಷ್ಟರಲ್ಲಿ ಅವಳೇ ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಡೆದು ದೋಣಿಯ ಹತ್ತಿರ ಬಂದಳು. ಕೈಯಲ್ಲಿ ಕತ್ತರಿ.

"ಲುಂಗಿ ಅಂಟಿದೆ ಅಲ್ವಾ? ಮಧ್ಯಾಹ್ನವೇ ಗೊತ್ತಾಯಿತು ನನಗೆ." ದನಿ ಸಣ್ಣದು, ಮುಖ ಕೆಂಪು. "ಯಾಕೆ ಹೀಗೆ ಮಾಡಿದಿರಿ?"

"ಅವಸರದಲ್ಲಿ ಹಲಗೆಯಡಿಗೆ ಹೋದದ್ದು..."

"ಲುಂಗಿ ಅಲ್ಲ ಮಾರಾಯ್ರೆ, ದೋಣಿ! ಇದು ಯಾಕೆ ತೇಲುತ್ತದೆ?"

ವಿಠಲ ಹೊಸ ನೆಲವನ್ನೊಮ್ಮೆ ಅಂಗೈಯಿಂದ ಸವರಿ ನೋಡಿದ, ಎಲ್ಲೂ ಒದ್ದೆಯಿಲ್ಲ.

"ನಿಮ್ಮಿಂದ ಇದು ಆಗುವುದಿಲ್ಲ ಎಂದು ನಾನೂ ಅಮ್ಮನೂ ನಂಬಿ ಕೂತಿದ್ದೆವು. ಅಪ್ಪನ ಸಿಟ್ಟು ಒಂದು ವಾರದ್ದು. ದೋಣಿ ಮುಳುಗುತ್ತಿತ್ತು, ಅವರು ನಿಮ್ಮನ್ನು ಬೈಯುತ್ತಿದ್ದರು, ಅಮ್ಮ ಎರಡು ದಿನ ಊಟ ಬಿಡುತ್ತಿದ್ದಳು, ಮೂರನೇ ದಿನ ಅಪ್ಪನೇ ಬಾಳೆಗೊನೆ ಹೊತ್ತುಕೊಂಡು ಕಡಿಯಾಳಿಗೆ ಬರುತ್ತಿದ್ದರು. ಎಲ್ಲ ಮಾತಾಗಿತ್ತು."

"ಈಗಲೂ ಎಂತ ಆಯಿತು? ಅವರು ಒಪ್ಪಿದರಲ್ಲ?"

"ನಾನು ಒಪ್ಪಬೇಡವಾ?" ಅವಳ ಕಣ್ಣಲ್ಲಿ ನೀರು ಬಂತು. "ಗಾಳಿ ಎದ್ದಾಗೆಲ್ಲ ಅಮ್ಮ ದಡದಲ್ಲಿ ನಿಂತು ಅಪ್ಪನಿಗೆ ಕಾದದ್ದನ್ನು ನೋಡಿಯೇ ನಾನು ಬೆಳೆದದ್ದು. ನನಗೆ ಸಂಜೆ ಆರರ ಬಸ್ಸಿಗೆ ಮನೆಗೆ ಬರುವ ಗಂಡ ಸಾಕು. ಬಸ್ಸಿನಲ್ಲೂ ವಾಂತಿ ಮಾಡುವವರು ಎಂದೇ ನಿಮ್ಮನ್ನು ಮೆಚ್ಚಿದ್ದು. ಈಗ ದೋಣಿಯವರಾದಿರಿ. ದೋಣಿಯವರನ್ನು ನಾನು ಮದುವೆಯಾಗುವುದಿಲ್ಲ."

"ಇಲ್ಲ ಇಲ್ಲ, ನಾನು ಕಡಲಿಗೆ ಹೋಗುವುದಿಲ್ಲ. ಈಗಲೇ ಹೇಳುತ್ತೇನೆ." ವಿಠಲ ದಡದ ಕಡೆ ತಿರುಗಿ, ಮೂರು ವಾರದಲ್ಲಿ ಮೊದಲ ಬಾರಿಗೆ ಕೂಗಿದ: "ಮಾವಾ! ನಾನು ಬ್ಯಾಂಕಿನಲ್ಲೇ ಇರುತ್ತೇನೆ! ಕಡಲಿಗೆ ಬರುವುದಿಲ್ಲ!"

"ಕಡಲಿಗೆ ಬಾರದವನಿಗೆ ನಾನು ಮಗಳನ್ನು ಯಾಕೆ ಕೊಡಲಿ?" ಎಂದು ದೂಮಪ್ಪ ನಗುತ್ತಲೇ ಕೂಗಿದ. "ಈ ದೋಣಿ ತೇಲುವಷ್ಟು ದಿನ ನಿನಗೆ ಬ್ಯಾಂಕಿಲ್ಲ ಅಳಿಯಾ!"

ನಳಿನಾಕ್ಷಿ ಲುಂಗಿಯನ್ನು ಹಲಗೆಯ ಅಂಚಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಕತ್ತರಿಸಿದಳು. "ಇದು ಮುಳುಗಿದ ದಿನ ಹೇಳಿ ಕಳಿಸಿ. ಮರುದಿನವೇ ಮದುವೆ. ಕಾಯುತ್ತೇನೆ," ಎಂದು ಕಣ್ಣೊರಸಿಕೊಂಡು ನೀರಿನಲ್ಲಿ ವಾಪಸು ನಡೆದಳು.

ಅಷ್ಟು ಹೊತ್ತಿಗೆ ಓಸ್ವಾಲ್ಡ್ ಮಾವನ ಮನೆಯ ಊಟದ ತೇಗಿನೊಂದಿಗೆ ಬಂದು ತಲುಪಿದ. ದೋಣಿಗೆ ಹತ್ತಿ, ಬೆರಳ ಗಂಟಿನಿಂದ ನೆಲವನ್ನು ತಟ್ಟಿ ನೋಡಿದ, ತೊಲೆಯಿರುವ ಕಡೆ ಹಲಗೆಗೆ ಕಿವಿಯಿಟ್ಟು ಕೇಳಿದ, ಗೆಳೆಯನ ಬೆನ್ನಿಗೆ ಒಂದು ಗುದ್ದಿದ.

"ಎಂತ ಕೆಲಸ ಮಾಡಿದ್ದೀಯ ಮಾರಾಯ! ನಾನು ಮಾಡಿದರೂ ಇಷ್ಟು ಆಗುತ್ತಿರಲಿಲ್ಲ."

"ಓಸ್ವಾಲ್ಡ್," ಎಂದ ವಿಠಲ, ಲುಂಗಿಯ ಉಳಿದ ಭಾಗವನ್ನು ಹಿಂದಿನಿಂದ ಮುಚ್ಚಿ ಹಿಡಿದುಕೊಂಡು, "ಇದು ಎಷ್ಟು ವರ್ಷ ಬಾಳುತ್ತದೆ?"

"ಮೂವತ್ತು ವರ್ಷ ಎಂತದೂ ಆಗುವುದಿಲ್ಲ. ಬರೆದುಕೊಡುತ್ತೇನೆ ಬೇಕಾದರೆ."

ವಿಠಲನಿಗೆ ಆಗ ಇಪ್ಪತ್ತೊಂಬತ್ತು. ಮೂವತ್ತು ಕೂಡಿಸಿ ನೋಡಿದ. ಬ್ಯಾಂಕಿನವನಲ್ಲವೇ, ತಪ್ಪಿರಬಹುದೆಂದು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿಸಿದ. ಅಷ್ಟೇ ಬಂತು.